ಕೇಳಿದ ಹೆಸರು

"ನಂಬದಿದ್ದರೆ ಬಿಡಿ ಮೇಷ್ಟ್ರೇ. ಒಂದೇ ಯಂತ್ರ, ಅದರಲ್ಲಿ ಐದು ವೆಬ್‌ಸೈಟು. ಒಂದರ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ ಕೂಡಿಸಿದ್ದೇನೆ. ಯಾವನು ಬೇಕಾದರೂ ಬಂದು ತಪ್ಪು ತೋರಿಸಲಿ, ಮೀಸೆ ಬೋಳಿಸಿಕೊಳ್ಳುತ್ತೇನೆ. ಈಗ ಉಳಿದದ್ದು ಒಂದೇ ಪ್ರಶ್ನೆ. ನನ್ನ ಪಟ್ಟಿಯಲ್ಲಿ ಇಲ್ಲದ ಹೆಸರು ಹಿಡಿದು ಯಾರಾದರೂ ಬಂದರೆ, ಅವರನ್ನು ಏನು ಮಾಡಲಿ?" ಎಂದು ಯಮನೂರ ಕೇಳಿದ.

ಅವನಿಗೆ ಆ ವಿದ್ಯೆ ಕಲಿಸಿದವರು ಗುರುಪಾದಯ್ಯ ಮೇಷ್ಟ್ರು. "ಸದ್ಯಕ್ಕೆ ಏನು ಮಾಡಿದ್ದೀ?" ಎಂದರು.

"ನನ್ನ ಸೈಟನ್ನೇ ಮೊದಲಿಗೆ ಬರೆದಿದ್ದೇನೆ. ದಾರಿ ತಪ್ಪಿದವರೆಲ್ಲ ನನ್ನ ಬಾಗಿಲಿಗೇ ಬರುತ್ತಾರೆ. ಬಂದರೆ ಬರಲಿ, ನೋಡಿದವರ ಎಣಿಕೆ ಏರುತ್ತದೆ."

ಮೇಷ್ಟ್ರು ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಹೇಳತೊಡಗಿದರು.

ನಿನಗಿಂತ ಜಂಬದವನು ಒಬ್ಬ ತರುಣನಿದ್ದ. ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇಟ್ಟಿದ್ದ. ಧೂಳು ಒಳಗೆ ಬಾರದಿರಲೆಂದು ಕಿಟಕಿಗೆ ಅವ್ವನ ಹಳೆಯ ಸೀರೆ ಕಟ್ಟಿದ್ದ. ಆ ಯಂತ್ರದಲ್ಲಿ ಐದು ಸೈಟುಗಳು. ಒಂದು ಬಳೆಗಾರನದು, ಒಂದು ಡೊಳ್ಳಿನ ಮೇಳದ್ದು, ಒಂದು ನಾಟಿ ಬೀಜ ಕಾಯುವ ಹೆಂಗಸರದು, ಒಂದು ಜೋಗುಳ ಹಾಡುವ ಮುದುಕಿಯದು. ಇನ್ನೊಂದು ಅವನದೇ. ಅದರಲ್ಲಿ ಅವನ ಆಳೆತ್ತರದ ಪಟ, ಕೆಳಗೆ ಅವನ ಫೋನ್ ನಂಬರು, ನಡುವೆ ಅವನ ಪ್ರತಾಪ.

ಒಂದೇ ವಠಾರ, ಒಂದೇ ಹೆಬ್ಬಾಗಿಲು, ಐದು ಮನೆ ಎಂದುಕೋ. ಬಂದವರು ಯಾರ ಮನೆ ಎಂದು ಹೆಸರು ಹೇಳಬೇಕು. ಯಂತ್ರ ಆ ಹೆಸರಿನ ಬಾಗಿಲು ತೆರೆಯುತ್ತದೆ. ಹೇಳಿದ ಹೆಸರು ಪಟ್ಟಿಯಲ್ಲಿ ಇಲ್ಲವೋ, ಮೊದಲನೆಯ ಮನೆಗೆ ಕಳಿಸುತ್ತದೆ. ಅದು ಯಂತ್ರದ ಸ್ವಭಾವ. ಮೊದಲನೆಯ ಮನೆ ತರುಣನದು.

ಮುದುಕಿ ತೀರಿಕೊಂಡಳು. ಸತ್ತವರ ಮನೆಗೆ ಇನ್ನು ಯಾರು ಬರುತ್ತಾರೆ ಎಂದುಕೊಂಡು ತರುಣ ಪಟ್ಟಿಯಿಂದ ಅವಳ ನಾಲ್ಕು ಸಾಲು ಅಳಿಸಿದ. ಹಾಡುಗಳ ಕಡತ ಮಾತ್ರ ಹಾಗೆಯೇ ಉಳಿಯಿತು. ಕರುಣೆಯಿಂದಲ್ಲ, ಸೋಮಾರಿತನದಿಂದ.

ವರ್ಷ ಕಳೆಯಿತು. ತರುಣ ದಿನಾ ಬೆಳಿಗ್ಗೆ ಎಣಿಕೆ ನೋಡುತ್ತಿದ್ದ. ಬಳೆಗಾರನಿಗೆ ನಾಲ್ಕು ಜನ, ಡೊಳ್ಳಿನವರಿಗೆ ಏಳು, ಬೀಜದವರಿಗೆ ಹನ್ನೊಂದು. ಅವನಿಗೆ ಮುನ್ನೂರು. ಅವನ ಕಾಲು ನೆಲಕ್ಕೆ ತಾಗಲಿಲ್ಲ. ಚಹದಂಗಡಿಯಲ್ಲಿ ಕೂತು, "ನಿಮ್ಮನ್ನೆಲ್ಲ ಹೆಗಲ ಮೇಲೆ ಹೊತ್ತವನು ನಾನು. ಜನ ನೋಡುವುದೂ ನನ್ನನ್ನೇ" ಎನ್ನುತ್ತಿದ್ದ.

ಒಂದು ದಿನ ಬಳೆಗಾರ ಬಸಿಯಲ್ಲಿ ಚಹ ಆರಿಸಿಕೊಳ್ಳುತ್ತ ಹೇಳಿದ: "ತಮ್ಮಾ, ನಾನು ಬಳೆ ಮಲಾರ ಹೊತ್ತು ಊರೂರು ತಿರುಗಿದವನು. ನಾನು ಓಣಿಗೆ ಕಾಲಿಟ್ಟರೆ ನೂರು ನಾಯಿ ಬೊಗಳುತ್ತವೆ. ಅವನ್ನು ಗಿರಾಕಿ ಅಂತ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿನ್ನ ಹೆಸರು ಹಿಡಿದು ಕೇಳಿಕೊಂಡು ಬಂದವರು ಎಷ್ಟು ಮಂದಿ?"

ಕೂತವರೆಲ್ಲ ನಕ್ಕರು. ಡೊಳ್ಳಿನವನ ನಗು ಎಲ್ಲರಿಗಿಂತ ದೊಡ್ಡದಿತ್ತು.

ತರುಣ ಚಹ ಅರ್ಧಕ್ಕೇ ಬಿಟ್ಟು ಕೋಣೆಗೆ ಬಂದ. ನಾಳೆ ಬಂದವರ ಪಟ್ಟಿ ತಂದು ಇವರೆಲ್ಲರ ಬಾಯಿ ಮುಚ್ಚಿಸುತ್ತೇನೆ ಎಂಬುದು ಅವನ ಹಟ. ದಾಖಲೆ ತೆರೆದು ನೋಡಿದರೆ, ಎಲ್ಲಿಂದ ಬಂದರು, ಎಷ್ಟು ಹೊತ್ತಿಗೆ ಬಂದರು ಎಂಬುದನ್ನು ಯಂತ್ರ ಬರೆದುಕೊಂಡಿತ್ತು. ಯಾವ ಹೆಸರು ಕೇಳಿದರು ಎಂಬುದನ್ನು ಬರೆದಿರಲಿಲ್ಲ. ಅದನ್ನು ಬರೆದುಕೋ ಎಂದು ಅವನು ಎಂದೂ ಹೇಳಿರಲಿಲ್ಲ. ಈಗ ಹೇಳಿದ. ಒಂದು ವಾರ ಕಾದ.

ವಾರದ ಪಟ್ಟಿ ಬಂತು. ದಿನದ ಮುನ್ನೂರರಲ್ಲಿ ಬಹುಪಾಲು ಮನುಷ್ಯರೇ ಅಲ್ಲ. ಹೆಸರು ಗೊತ್ತಿಲ್ಲದೆ, ಯಂತ್ರದ ವಿಳಾಸದ ಬರೀ ಅಂಕಿ ಹಿಡಿದು, ಕಂಡ ಕಂಡ ಬಾಗಿಲು ತಟ್ಟುವ ಬೀದಿ ಯಂತ್ರಗಳು. ಅವನ ಹೆಸರು ಕೇಳಿಕೊಂಡು ಬಂದವನು ವಾರಕ್ಕೆಲ್ಲ ಒಬ್ಬನೇ. ಅದು ಅವನೇ.

ಉಳಿದದ್ದು ಇನ್ನೊಂದು ಹೆಸರು. ದಿನಾ ಮಧ್ಯಾಹ್ನ ಎರಡು ಗಂಟೆಗೆ, ಒಂದೇ ಊರಿನಿಂದ, ಯಾರೋ ಒಬ್ಬರು ಸತ್ತ ಮುದುಕಿಯ ಹೆಸರು ಕೇಳುತ್ತಿದ್ದರು. ಯಂತ್ರ ಅವರನ್ನು ದಿನಾ ತರುಣನ ಪಟದ ಮುಂದೆ ನಿಲ್ಲಿಸುತ್ತಿತ್ತು. ಹಳೆಯ ದಾಖಲೆ ತೆರೆದ. ಹೆಸರುಗಳಿರಲಿಲ್ಲ, ಆದರೆ ಅದೇ ಊರು, ಅದೇ ಹೊತ್ತು. ಹಿಂದಕ್ಕೆ ಹೋದಷ್ಟೂ ಇತ್ತು. ಹತ್ತು ತಿಂಗಳು.

ತರುಣ ಅಳಿಸಿದ ನಾಲ್ಕು ಸಾಲನ್ನು ಮತ್ತೆ ಬರೆದ. ಹೆಸರು, ದಾರಿ, ಕಡತ. ಯಂತ್ರಕ್ಕೆ ಪಟ್ಟಿಯನ್ನು ಮತ್ತೊಮ್ಮೆ ಓದಿಸಿದ. ಆ ಕೆಲಸಕ್ಕೆ ಎಲೆ ಅಡಿಕೆ ಜಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಅದೇ ಅವನನ್ನು ಚುಚ್ಚಿತು.

ಮರುದಿನ ಎರಡು ಗಂಟೆಗೆ ಯಂತ್ರದ ಮುಂದೆ ಕೂತ. ಮುದುಕಿಯ ಹೆಸರು ಬಂತು. ಬಾಗಿಲು ತೆರೆಯಿತು. ಮೊದಲ ಜೋಗುಳ ಹೊರಟಿತು. ಮತ್ತೆ ಅದೇ ಜೋಗುಳ. ಮತ್ತೆ ಅದೇ. ಹನ್ನೊಂದು ಸಲ.

ಅಂದು ಅವನು ತನ್ನ ಸೈಟನ್ನು ಪಟ್ಟಿಯ ಕೊನೆಗೆ ಇಳಿಸಿದ. ಮೊದಲನೆಯ ಜಾಗದಲ್ಲಿ ಒಂದು ಖಾಲಿ ಪುಟ ಇಟ್ಟ. ಅದರಲ್ಲಿ, "ಯಾರನ್ನು ಹುಡುಕಿಕೊಂಡು ಬಂದಿರಿ?" ಎಂದಷ್ಟೇ ಬರೆದ. ಬೆಳಿಗ್ಗೆ ನೋಡಿದರೆ ಅವನ ಎಣಿಕೆ ಸೊನ್ನೆ. ಚಹದಂಗಡಿಗೆ ಹೋಗಿ ಬಳೆಗಾರನ ಪಕ್ಕ ಕೂತ. ಏನೂ ಕೊಚ್ಚಿಕೊಳ್ಳಲಿಲ್ಲ. ಬಳೆಗಾರ ಗಾಬರಿಯಾಗಿ, "ಜ್ವರ ಏನಾದರೂ ಬಂದಿದೆಯೇನೋ?" ಎಂದು ಹಣೆ ಮುಟ್ಟಿ ನೋಡಿದ.

ಎರಡು ದಿನ ಬಿಟ್ಟು ಒಬ್ಬ ಹೆಂಗಸು ಫೋನು ಮಾಡಿದಳು.

"ಪಟದಲ್ಲಿದ್ದವರು ನೀವೇ ಏನಣ್ಣಾ? ಮೀಸೆಯವರು?"

"ಹೌದು" ಎಂದ ತರುಣ. ಆ ಮೀಸೆಯ ಬಗ್ಗೆ ಅವನಿಗೆ ಮೊದಲ ಸಲ ನಾಚಿಕೆಯಾಯಿತು.

"ಹಾಡು ಹಾಡುತ್ತಿದ್ದವಳು ನಮ್ಮವ್ವ. ನಾನೊಬ್ಬಳೇ ಮಗಳು. ಅವ್ವ ಹೋದ ಮೇಲೆ ನನಗೆ ಮಗುವಾಯಿತು. ಹಾಡು ಬರುವುದಿಲ್ಲ ಅಂತ ಗೊತ್ತಿತ್ತು. ಆದರೂ ಮಗು ಮಲಗಿಸುವ ಹೊತ್ತಿಗೆ ದಿನಾ ಅವ್ವನ ಹೆಸರು ಒತ್ತುತ್ತಿದ್ದೆ. ನೀವೇ ಬರುತ್ತಿದ್ದಿರಿ."

"ತಪ್ಪಾಯಿತು ತಾಯಿ."

"ಬೈಯಲು ಫೋನು ಮಾಡಿಲ್ಲಣ್ಣಾ. ಮೊನ್ನೆ ಅವ್ವನ ದನಿ ಬಂತು. ಮಗು ಮಲಗಿತು. ನಾನು ಮಲಗಲಿಲ್ಲ, ಕೇಳುತ್ತ ಕೂತೆ. ಇನ್ನೊಂದು ಮಾತು. ನಿಮ್ಮ ಪಟ ನೋಡಿ ನೋಡಿ ಮಗು ಅದಕ್ಕೆ ಮಾಮ ಅನ್ನಲು ಕಲಿತಿದೆ. ಈಗ ಪಟ ಬರಲಿಲ್ಲ ಅಂತ ಹಟ ಮಾಡುತ್ತದೆ. ನನಗೆ ಅಣ್ಣತಮ್ಮಂದಿರು ಯಾರೂ ಇಲ್ಲ. ಬರುವ ಶುಕ್ರವಾರ ಮಗುವಿನ ಕಿವಿ ಚುಚ್ಚಿಸಬೇಕು. ಅಕ್ಕಸಾಲಿಗ ಬಂದು, ಸೋದರಮಾವ ಎಲ್ಲಿ ಅಂತ ಕೇಳುತ್ತಾನೆ. ನಾನು ಏನು ಹೇಳಲಿ?"

ಮುನ್ನೂರು ಜನರ ಲೆಕ್ಕ ಹೇಳುತ್ತಿದ್ದವನು, "ನಿಮ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೆ?" ಎಂದು ಮಾತ್ರ ಕೇಳಿದ.

ಮೇಷ್ಟ್ರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

ಯಮನೂರ ಕಾದ. ಮೇಷ್ಟ್ರು ಮುಂದುವರಿಸುವ ಹಾಗೆ ಕಾಣಲಿಲ್ಲ. "ಅಲ್ಲ ಮೇಷ್ಟ್ರೇ, ಮೊದಲನೆಯ ಜಾಗವನ್ನೇ ಬಿಟ್ಟುಕೊಟ್ಟನಲ್ಲ, ಅವನಿಗೆ ಕೊನೆಗೆ ಸಿಕ್ಕಿದ್ದಾದರೂ ಏನು?" ಎಂದ.

"ಎರಡು ಕಿವಿ ಚುಚ್ಚಿ ಮುಗಿಯುವಷ್ಟು ಹೊತ್ತು, ತೊಡೆಯ ಮೇಲೆ ಒಂದು ಮಗು" ಎಂದರು ಮೇಷ್ಟ್ರು.