ಕಾಲು ಜಾರಿದ ಓಟ

ಚಕ್ರದ ಸ್ಕೇಟಿನಲ್ಲಿ ಎಂದೂ ಸೋಲದ ಇಂದುಮತಿಯ ಬಲಗಾಲು, ಈಗ ಅಲಗಿನ ಸ್ಕೇಟು ತೊಟ್ಟು ಮಂಜುಗಡ್ಡೆಯ ಮೇಲೆ ಚಡಪಡಿಸುತ್ತಿತ್ತು. ಇಂದಿನ ಓಟದಲ್ಲಿ ಮೊದಲ ಮೂವರಿಗೆ ಮಾತ್ರ ತಂಡದಲ್ಲಿ ಜಾಗ. ಅಭ್ಯಾಸದಲ್ಲೋ ಎರಡು ಸಲ ಬಿದ್ದಾಗಿತ್ತು.

"ಅಲಗಪ್ಪಾ, ಗಟ್ಟಿಯಾಗಿ ಹಿಡಿದುಕೋ. ಜಾರಬೇಡ!" ಎಂದಿತು ಕಾಲು.

"ಡಾಂಬರನ್ನು ಒದ್ದ ಹಾಗೆ ಒದ್ದರೆ ಬೀಳುವುದೇ, ಕಾಲಣ್ಣ. ಒಮ್ಮೆ ತಳ್ಳು, ಆಮೇಲೆ ತಾಳು. ಜಾರುವುದು ನನ್ನ ಕೆಲಸ."

"ಕಾಲು ಜಾರಿದರೆ ಮಾನ ಹೋಗುತ್ತದೆಂದು ಕೇಳಿಲ್ಲವೇ?"

"ಇಲ್ಲಿ ಜಾರದಿದ್ದರೆ ಹೋಗುತ್ತದೆ."

ಸೀಟಿ ಕೂಗಿತು. ಕಾಲು ಹಳೆಯ ಚಾಳಿಯಂತೆ ಪಟಪಟನೆ ಒದ್ದು, ಮುಗ್ಗರಿಸಿ, ಎಲ್ಲರಿಗಿಂತ ಹಿಂದೆ ಬಿತ್ತು. ಮತ್ತೆ ಒದೆಯಲು ಎದ್ದ ಕಾಲು ಅಲಗಿನ ಮಾತು ನೆನೆದು ಹೇಗೋ ತಡೆದುಕೊಂಡಿತು. ಅಲಗು ತಾನಾಗಿ ಹತ್ತು ಮಾರು ಸಾಗಿತು. ಆಮೇಲೆ ತಳ್ಳಿ, ತಾಳಿ, ತಳ್ಳಿ, ತಾಳಿ, ಮೂರನೆಯದಾಗಿ ಗೆರೆ ದಾಟಿತು.

"ಈಗಲಾದರೂ ನೆಮ್ಮದಿಯೇ?" ಎಂದಿತು ಅಲಗು.

"ಎಲ್ಲಿಯ ನೆಮ್ಮದಿ! ನಡೆ, ಇನ್ನೊಮ್ಮೆ ಜಾರೋಣ."