ನಡುಹೊಳೆಗೆ ಮುಟ್ಟದ ದನಿ

ಹೊಳೆಯ ದಂಡೆಯ ಒಂದು ಸಣ್ಣ ಮಠದಲ್ಲಿ ಶರಭಯ್ಯ ಎಂಬ ಹಿರಿಯರಿದ್ದರು. ಪ್ರಾಯದಲ್ಲಿ ನಾಟಕ ಕಂಪನಿಗಳಿಗೆ ಮೈಕು ಕಟ್ಟುತ್ತಿದ್ದವರು. ಈಗ ಮಠದ ಒಂದು ಕೋಣೆಯಲ್ಲಿ ಹಾಡು ಮುದ್ರಿಸುವುದನ್ನೂ, ಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವುದನ್ನೂ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಕಸ್ತೂರಿ ಮೂರು ವರ್ಷದಿಂದ ಅವರ ಶಿಷ್ಯೆ.

ಕೋಣೆಯಲ್ಲಿ ಎರಡು ದೊಡ್ಡ ಸ್ಪೀಕರ್‌ಗಳಿದ್ದವು. ಅವಳು ಅವನ್ನು ಮುಟ್ಟುತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡೇ ಎಲ್ಲ ಕೆಲಸ ಮುಗಿಸುತ್ತಿದ್ದಳು.

ಬಂದ ಮೊದಲ ತಿಂಗಳು ತಾನು ಬೆರೆಸಿದ ಒಂದು ಹಾಡನ್ನು ಸ್ಪೀಕರ್‌ನಲ್ಲಿ ಹಚ್ಚಿದ್ದಳು. ಬಾಗಿಲಲ್ಲಿ ನಿಂತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹಾಡು ಮುಗಿಯುವ ಮೊದಲೇ ಹೊರಟುಹೋದರು. ಅವರು ಯಾತಕ್ಕೆ ನಕ್ಕರೋ ಅವಳಿಗೆ ತಿಳಿಯಲೇ ಇಲ್ಲ.

ಹೆಡ್‌ಫೋನಿನ ಒಳಗೆ ಅವಳೊಬ್ಬಳೇ ಇರುತ್ತಿದ್ದಳು. ಅಲ್ಲಿ ನಗುವವರಿರಲಿಲ್ಲ.

ಅಜ್ಜಾರು ಒಮ್ಮೆ ಮಾತ್ರ ಕೇಳಿದ್ದರು, ಸ್ಪೀಕರ್ ಯಾಕೆ ಹಚ್ಚುವುದಿಲ್ಲವೆಂದು. ಹಾಡುವವರು ಉಗುಳು ನುಂಗಿದ್ದು ಕೂಡ ಹೆಡ್‌ಫೋನಿನಲ್ಲಿ ಕೇಳುತ್ತದೆ ಎಂದು ಅವಳು ಹೇಳಿದಳು.

ಆ ವರ್ಷ ಮೇಲಿನ ಅಣೆಕಟ್ಟೆಯ ಎಂಜಿನಿಯರರು ಮಠಕ್ಕೆ ಬಂದರು. ಅವರಿಗೊಂದು ಹಾಡು ಬೇಕಾಗಿತ್ತು.

ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕೆಳಗಿನ ಏಳೂರಿನ ಜನ ಮರಳಿನಲ್ಲಿ ಕಲ್ಲಂಗಡಿ, ಸೌತೆ ಬೆಳೆಯುತ್ತಿದ್ದರು. ಎಮ್ಮೆ ಮೇಯಿಸುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಅಣೆಕಟ್ಟೆಯ ಬಾಗಿಲು ತೆರೆಯುವ ಮುಂಚೆ ಸೈರನ್ ಕೂಗುತ್ತಿತ್ತು. ಆದರೆ ದಿನಕ್ಕೆ ಮೂರು ಸಲ ಸಕ್ಕರೆ ಕಾರ್ಖಾನೆಯ ಸೈರನ್ನೂ ಹಾಗೆಯೇ ಕೂಗುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಬಳ್ಳಿಯಿಂದ ಸೌತೆಕಾಯಿ ಹರಿಯುತ್ತಿದ್ದ ಹೆಂಗಸೊಬ್ಬಳು ಇದು ಕಾರ್ಖಾನೆಯದೇ ಎಂದುಕೊಂಡು ಮರಳಿನಲ್ಲೇ ಉಳಿದಳು. ಮೂರನೆಯ ದಿನ ಅವಳ ಬುಟ್ಟಿ ಸಿಕ್ಕಿತು.

ಹಾಗಾಗಿ ಸೈರನ್ ಬದಲು ಮನುಷ್ಯರ ದನಿ ಇರಲಿ ಎಂದು ಎಂಜಿನಿಯರರು ಹೇಳಿದರು. ಮೊದಲು ಹಲಗೆ ವಾದ್ಯದ ನಾಲ್ಕು ಸುತ್ತು ಬಡಿತ. ಆಮೇಲೆ ಹಲಗೆಯ ಜೊತೆಗೇ ಒಬ್ಬ ಹೆಂಗಸು ಹಾಡಿ ಕರೆಯಬೇಕು: ನೀರು ಬಂತು, ಮರಳು ಬಿಡಿರಿ, ದಂಡೆ ಏರಿರಿ.

ಅಜ್ಜಾರು ಆ ಕೆಲಸವನ್ನು ಕಸ್ತೂರಿಗೆ ಕೊಟ್ಟರು.

ಭೀಮವ್ವ ಎಂಬ ಹಾಡುಗಾರ್ತಿ ಬಂದು ಹಾಡಿಹೋದಳು. ಅದನ್ನು ಹದಕ್ಕೆ ತರಲು ಕಸ್ತೂರಿ ಹತ್ತೊಂಬತ್ತು ದಿನ ಕೂತಳು. ಆ ದನಿ ಕೇಳುವವರನ್ನು ಸುತ್ತುವರಿಯಬೇಕು ಎಂಬುದು ಅವಳ ಆಸೆ. ಒಂದು ಕಿವಿಗೆ ದನಿಯನ್ನು ಇದ್ದ ಹಾಗೆ ಕೊಟ್ಟಳು. ಇನ್ನೊಂದು ಕಿವಿಗೆ ಅದರ ಅಲೆಯನ್ನೇ, ಏರಿದ್ದಲ್ಲಿ ಇಳಿಯುವ ಹಾಗೆ, ತಲೆಕೆಳಗು ಮಾಡಿ ಕೊಟ್ಟಳು.

ಹೆಡ್‌ಫೋನಿನಲ್ಲಿ ಭೀಮವ್ವ ತಲೆಯ ಸುತ್ತಲೂ ನಿಂತು ಹಾಡಿದಂತಾಯಿತು. ಕೇಳುತ್ತ ಕೇಳುತ್ತ ಕಸ್ತೂರಿಯ ಕಣ್ಣು ತುಂಬಿತು.

ಹಾಡು ಸಿದ್ಧವಾಯಿತು ಎಂದು ಅಜ್ಜಾರಿಗೆ ಹೇಳಿದಳು.

"ಹೊರಗ ಹಚ್ಚಿ ಕೇಳಿದಿಯೇನು?"

"ಇಲ್ಲರಿ. ನೀವು ಇದರಾಗ ಒಮ್ಮೆ ಕೇಳ್ರಿ."

ಅಜ್ಜಾರು ಹೆಡ್‌ಫೋನ್ ಹಾಕಿಕೊಂಡರು. ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು. ಬಹಳ ಛಲೋ ಆಗೈತಿ ಎಂದು ತೆಗೆದುಕೊಟ್ಟರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆಗೆಂದು ಅಣೆಕಟ್ಟೆಯ ಒಂದು ಬಾಗಿಲು ತೆರೆಯುವವರಿದ್ದರು. ಮರಳಿನಲ್ಲಿ ಯಾರೂ ಇರಕೂಡದೆಂದು ಊರೂರಿಗೆ ಡಂಗುರ ಸಾರಿದ್ದರು. ಅಜ್ಜಾರು ಶಿಷ್ಯೆಗೆ ಹೇಳಿದರು, ನಾಳೆ ದಂಡೆಯ ಧ್ವನಿವರ್ಧಕದ ಹಾರ್ನ್‌ನಲ್ಲಿ ನೀನು ಹಾಡು ಹಚ್ಚು. ನಾನು ನಡುಹೊಳೆಯ ಬಂಡೆಯ ಮೇಲೆ ಕೂತಿರುತ್ತೇನೆ. ಭೀಮವ್ವ ಕರೆದಾಗ ಎದ್ದು ಬರುತ್ತೇನೆ.

ಕಸ್ತೂರಿ ಬೇಡ ಎಂದಳು. ನಿಮ್ಮ ಬದಲು ಬಂಡೆಯ ಮೇಲೆ ಕಲ್ಲು ತುಂಬಿದ ಒಂದು ಚೀಲ ಇಟ್ಟರೂ ಸಾಕು ಎಂದಳು.

"ಹಾಡು ಸರಿ ಐತಿಲ್ಲೋ?"

"ಸರಿ ಐತ್ರಿ."

"ಮತ್ತ ಯಾಕ ಅಂಜತಿ?"

ಅವಳು ಹಾಡನ್ನು ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಕೇಳಿದಳು.

ಮರುದಿನ ಅಜ್ಜಾರು ಕೋಲೂರಿಕೊಂಡು ಮರಳಿಗಿಳಿದರು. ಎಪ್ಪತ್ತೆರಡು ವರ್ಷದ ಕಾಲು ಮರಳಿನಲ್ಲಿ ಹೂತುಹೋಗುತ್ತಿತ್ತು. ಬಂಡೆ ಮುಟ್ಟಲು ಬಹಳ ಹೊತ್ತು ಹಿಡಿಯಿತು.

ದಂಡೆಯ ಮೇಲೆ ಹಾರ್ನ್ ಕಟ್ಟಿದ ಕಂಬ. ಅದರ ಬುಡದಲ್ಲಿ ಕಸ್ತೂರಿ, ಪಕ್ಕದಲ್ಲಿ ಅಣೆಕಟ್ಟೆಯ ಕಾವಲುಗಾರ ಯಂಕಪ್ಪ. ಎರಡೂ ದಂಡೆಗಳಲ್ಲಿ ಜನ ಸೇರಿದ್ದರು. ಅಷ್ಟು ಜನರನ್ನು ನೋಡಿ ಅವಳು ಕಂಬಕ್ಕೆ ಒತ್ತಿ ನಿಂತಳು.

ಯಂಕಪ್ಪನಿಗೆ ಅಣೆಕಟ್ಟೆಯಿಂದ ಫೋನ್ ಬಂತು. ಬಾಗಿಲು ತೆರೆಯುತ್ತಿದ್ದಾರೆ, ಹಚ್ಚಿರಿ ಎಂದ.

ಹಚ್ಚಿದಳು.

ಹಾರ್ನ್‌ನಿಂದ ಹಲಗೆ ಬಂತು. ನಾಲ್ಕು ಸುತ್ತು ಮುಗಿಯಿತು.

ಭೀಮವ್ವ ಬರಲಿಲ್ಲ.

ಹಲಗೆಯೊಂದೇ ಕೇಳಿಸುತ್ತಿತ್ತು. ದನಿ ಇರಬೇಕಾದ ಜಾಗದಲ್ಲಿ ಮೊರದಲ್ಲಿ ಹೊಟ್ಟು ಹಾರಿದಂಥ ಸಣ್ಣ ಸಪ್ಪಳ.

ವೈರು ಕಡಿದಿರಬೇಕು ಎಂದು ಕಸ್ತೂರಿ ತಡಕಾಡಿದಳು. ಎಲ್ಲ ಸರಿಯಾಗಿತ್ತು. ಹಾಡು ಹಚ್ಚಿದ ಯಂತ್ರಕ್ಕೆ ಹೆಡ್‌ಫೋನ್ ಚುಚ್ಚಿ ಕಿವಿಗೆ ಹಿಡಿದಳು. ಅಲ್ಲಿ ಭೀಮವ್ವ ಗಂಟಲು ತುಂಬಿ ಹಾಡುತ್ತಿದ್ದಳು, ದಂಡೆ ಏರಿರಿ. ಕಿವಿಯಿಂದ ತೆಗೆದಳು. ಅವಳಿಲ್ಲ. ಮತ್ತೆ ಹಿಡಿದಳು. ಇದ್ದಾಳೆ.

ಆಗ ಅವಳಿಗೆ ಅರ್ಥವಾಯಿತು. ಎರಡು ಕಿವಿಗೆ ಬೇರೆ ಬೇರೆ ಕೊಟ್ಟಿದ್ದು ಹಾರ್ನಿನ ಒಂದೇ ಬಾಯಲ್ಲಿ ಕೂಡಿತ್ತು. ನೆಟ್ಟಗಿನ ದನಿಯನ್ನು ತಲೆಕೆಳಗಿನ ದನಿ ಅಳಿಸಿಹಾಕಿತ್ತು.

ಅವಳು ಹೊಳೆಯತ್ತ ತಿರುಗಿದಳು.

ಬಂಡೆಯ ಮೇಲೆ ಅಜ್ಜಾರು ಅಲ್ಲಾಡದೆ ಕೂತಿದ್ದರು. ಕೋಲು ತೊಡೆಯ ಮೇಲಿತ್ತು. ಕತ್ತು ತುಸು ವಾಲಿಸಿ ಆಲಿಸುತ್ತಿದ್ದರು.

ಮೇಲ್ಗಡೆ ಮರಳಿನ ಬಣ್ಣ ಬದಲಾಯಿತು. ಮೊದಲು ಕಪ್ಪಗಾಯಿತು, ಆಮೇಲೆ ಹೊಳೆಯಿತು. ನೀರು ಸದ್ದಿಲ್ಲದೆ ಬಂತು. ಕಲ್ಲಂಗಡಿಯ ಪಾತಿಗಳನ್ನು ಒಂದೊಂದಾಗಿ ನುಂಗಿತು.

ಯಂಕಪ್ಪ ಬಾಯಿಯ ಸುತ್ತ ಕೈ ಹಿಡಿದು ಕೂಗಿದ. ಅವನ ಕೂಗನ್ನು ಹಲಗೆಯೇ ಮುಚ್ಚಿಹಾಕಿತು. ಬಾಗಿಲು ಹಾಕಿರಿ ಎಂದು ಫೋನ್ ಮಾಡಿದ. ಹಾಕುತ್ತೇವೆ, ಆದರೆ ಬಿಟ್ಟ ನೀರು ಬಂದೇ ಬರುತ್ತದೆ ಎಂದು ಅಲ್ಲಿಯವರು ಹೇಳಿದರು.

ನೀರು ಬಂಡೆಯ ಬುಡ ಮುಟ್ಟಿತು.

ಹಾರ್ನಿನ ಪೆಟ್ಟಿಗೆಗೆ ಪ್ರಕಟಣೆ ಕೂಗುವ ಒಂದು ಮೈಕ್ ನೇತುಬಿದ್ದಿತ್ತು. ಕಸ್ತೂರಿ ಅದನ್ನು ಹಿಡಿದಳು. ಎರಡೂ ದಂಡೆಯ ಜನ ಅವಳನ್ನೇ ನೋಡುತ್ತಿದ್ದರು. ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಇನ್ನೊಮ್ಮೆ ತೆರೆದಳು. ಬರಿಯ ಉಸಿರು ಹೊರಟಿತು. ಬಾಗಿಲಲ್ಲಿ ನಕ್ಕ ಆ ಇಬ್ಬರ ಮುಖ ಕಣ್ಣ ಮುಂದೆ ಬಂತು.

ಬಂಡೆಯ ಮೇಲೆ ಅಜ್ಜಾರು ಕಾಲನ್ನು ಮೇಲಕ್ಕೆ ಎಳೆದುಕೊಂಡರು.

ಅವಳು ಹಾಡಿನ ವೈರನ್ನು ಕಿತ್ತೆಸೆದಳು.

"ಅಜ್ಜಾರ, ನೀರು ಬಂತು. ದಂಡಿ ಏರ್ರಿ."

ದನಿ ಒಡೆದಿತ್ತು. ಹಾರ್ನ್ ಕಿರುಚಿತು. ಆಚೆ ದಂಡೆಯ ಎಮ್ಮೆಗಳು ಬೆದರಿ ಓಡಿದವು. ಅವಳು ಮತ್ತೆ ಕೂಗಿದಳು, ಮತ್ತೆ ಕೂಗಿದಳು. ಅಜ್ಜಾರು ಎದ್ದು ನೀರಿಗಿಳಿದರೂ ನಿಲ್ಲಿಸಲಿಲ್ಲ.

ನೀರು ಅವರ ಮೊಣಕಾಲು ದಾಟಿತು. ನಡುವೆ ಒಮ್ಮೆ ಬಿದ್ದರು. ಕೋಲು ಕೈಬಿಟ್ಟು ತೇಲಿಹೋಯಿತು. ಯಂಕಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗದ ಇನ್ನೊಂದು ತುದಿಯನ್ನು ದಂಡೆಯ ಮೇಲಿದ್ದ ಎಂಟು ಹತ್ತು ಜನ ಹಿಡಿದರು. ಇಬ್ಬರೂ ಮೇಲೆ ಬರುವಷ್ಟರಲ್ಲಿ ಬಂಡೆ ಕಾಣಿಸುತ್ತಿರಲಿಲ್ಲ.

ಯಾರೂ ನಗಲಿಲ್ಲ.

ಮಧ್ಯಾಹ್ನ ಕಸ್ತೂರಿ ಕೋಣೆಯ ಕಿಟಕಿಗಳನ್ನೆಲ್ಲ ತೆರೆದಳು. ಸ್ಪೀಕರ್‌ಗಳ ಮೇಲಿನ ಬಟ್ಟೆ ತೆಗೆದಳು. ತಲೆಕೆಳಗಿನ ದನಿಯನ್ನು ಅಳಿಸಿ ಭೀಮವ್ವನನ್ನು ಒಂಟಿಯಾಗಿ ನಡುವೆ ನಿಲ್ಲಿಸಿದಳು. ಒಂದೇ ಸ್ಪೀಕರ್‌ನಲ್ಲಿ ಕೇಳಿದಳು. ಅಂಗಳಕ್ಕಿಳಿದು ಕೇಳಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಏನು ಕೇಳಿಸಿತೆಂದು ವಿಚಾರಿಸಿದಳು. ಒಬ್ಬಳು ಹಲಗೆ ಜೋರಾಯಿತು, ಮಾತು ತಿಳಿಯಲಿಲ್ಲ ಎಂದಳು. ಕಸ್ತೂರಿಯ ಮುಖ ಬಿಸಿಯಾಯಿತು. ಒಳಗೆ ಹೋಗಿ ಹಲಗೆಯನ್ನು ತಗ್ಗಿಸಿದಳು.

ಸಂಜೆಗೆ ಚಹಾ ಹಿಡಿದು ಅಜ್ಜಾರ ಬಳಿ ಹೋದಳು. ಅವರು ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದರು.

ಅವಳು ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದಳು. ದನಿ ಯಾಕೆ ಅಳಿಸಿಹೋಯಿತೆಂದು ವಿವರಿಸಿದಳು. ಮೊದಲೇ ನಿಮಗೆ ಗೊತ್ತಿತ್ತೇ ಎಂದು ಕೇಳಿದಳು.

"ಇಲ್ಲ. ನಾನೂ ಅದನ್ನ ಕಿವಿಗೆ ಹಾಕ್ಕೊಂಡ ಕೇಳಿದ್ದೆ."

"ಬಂಡಿಗಲ್ಲಿನ ಮ್ಯಾಲ ಅಂಜಿಕಿ ಆಗಲಿಲ್ಲೇನ್ರಿ?"

"ಆತು. ಎದಿ ಬಾಯಿಗೆ ಬಂದಿತ್ತು."

ಅವಳು ಕಟ್ಟೆಯ ಬುಡದಲ್ಲಿ ಕೂತಳು.

"ನಾಕ ಸುತ್ತ ಮುಗದ ಮ್ಯಾಲ ದನಿ ಬರಬೇಕಿತ್ತು. ಬರಲಿಲ್ಲ. ನಿಮಗ ಹಾಡು ಗೊತ್ತಿತ್ತಲ್ರಿ. ಆವಾಗ್ಲೇ ಯಾಕ ಏಳಲಿಲ್ಲ?"

ಅಜ್ಜಾರು ಲೋಟ ಕೆಳಗಿಟ್ಟರು.

"ನನಗ ಹಾಡು ಗೊತ್ತಿತ್ತು, ಮಗಳ. ದಿನಾ ಅಲ್ಲಿ ಸೌತೀಕಾಯಿ ಹರಿಯಾಕಿಗೆ ಹೆಂಗ ಗೊತ್ತಾಗಬೇಕು, ಬರಬೇಕಾದ ದನಿ ಬರಲಿಲ್ಲ ಅನ್ನೋದು?"