ಕಾಶವ್ವ ಕಟ್ಟಿದ ಗಂಟು

ಹೊಳೆದಂಡೆಯಲ್ಲಿ ಸೂಲಗಿತ್ತಿ ನೀಲಗಂಗವ್ವನ ಮನೆ. ಅವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದವಳು ಕಾಶವ್ವ. ಎಳ್ಳು ಅಂದರೆ ಎಣ್ಣೆ ಅನ್ನುವ ಹುಡುಗಿ, ಕೇಳುವ ತಾಳ್ಮೆ ಮಾತ್ರ ಕಡಿಮೆ.

ಒಂದು ಮುಂಜಾನೆ ಸಾವಂತ್ರೆವ್ವ ಬಂದು ಹದಿನಾಲ್ಕು ಗಂಟಿನ ದಾರವೊಂದನ್ನು ನೀಲಗಂಗವ್ವನ ಮುಂದಿಟ್ಟಳು.

“ಕಾಶವ್ವ ಕೊಟ್ಟಿದ್ದು, ಅವ್ವಾ. ಮುಟ್ಟಾದ ದಿನದಿಂದ ದಿನಕ್ಕೊಂದು ಗಂಟು ಎಣಸತೀನಿ. ಕೊನೇ ಗಂಟಿನ ದಿನ ನಮ್ಮ ಮನ್ಯಾರನ್ನ ಕರಸತೀನಿ. ಲಾರಿ ಓಡಸೋರು, ಬಂದು ಮರುದಿನಾನ ಹೋಗತಾರ. ವರ್ಷಾತು, ಬಸಿರಿಲ್ಲ. ನನ್ನ ಹಣ್ಯಾಗ ಕೂಸು ಬರದಿಲ್ಲೇನೊ.”

ಅವಳ ಕಣ್ಣು ತುಂಬಿತು.

ನೀಲಗಂಗವ್ವ ಶಿಷ್ಯೆಯ ಕಡೆ ತಿರುಗಿದಳು. “ಈ ಅಳತಿ ಎಲ್ಲಿಂದ ತಂದಿ?”

“ನೀವ ಕಲ್ಲವ್ವಗ ಕಟ್ಟಿಕೊಟ್ಟಿದ್ರಲ್ಲ, ಅವ್ವಾ. ಆಕೀಗೆ ಅವಳಿ ಹುಟ್ಟಿದ್ವು. ಅದನ್ನ ನೋಡಿ ಎಲ್ಲಾರಿಗೂ ಕಟ್ಟೀನಿ.”

“ನಿನಗ ಎಷ್ಟು ದಿನಕ್ಕೊಮ್ಮೆ ಮುಟ್ಟು, ತಂಗಿ?”

“ಮೂವತ್ತೈದು,” ಎಂದಳು ಸಾವಂತ್ರೆವ್ವ.

ಕಾಶವ್ವನ ಮುಖ ಸಣ್ಣದಾಯಿತು. ಅವಳು ಇದನ್ನು ಕೇಳಿಯೇ ಇರಲಿಲ್ಲ.

ನೀಲಗಂಗವ್ವ ಹೊಸ ದಾರಕ್ಕೆ ಮೂವತ್ತೈದು ಗಂಟು ಹಾಕಿದಳು. ಕೊನೆಯ ಹದಿನಾಲ್ಕನ್ನು ಬಿಟ್ಟು, ಇಪ್ಪತ್ತೊಂದನೆಯದಕ್ಕೆ ಕೆಂಪು ನೂಲು ಸುತ್ತಿದಳು.

“ಕಲ್ಲವ್ವಂದು ಇಪ್ಪತ್ತೆಂಟು ದಿನದ ಮುಟ್ಟು, ಈಕೀದು ಹಂಗಲ್ಲ. ಮುಂದಿನ ಮುಟ್ಟಿಗೆ ಹದಿನಾಲ್ಕು ದಿನ ಮೊದಲ, ಹೆಚ್ಚೂಕಡಿಮಿ ಈ ದಿನ, ಒಳಗ ತತ್ತಿ ಬಿಡತೈತಿ.”

“ಹಂಗಾದ್ರ ಈಕಿ ಗಂಡ ಅವತ್ತ ಬರಲಿ,” ಎಂದಳು ಕಾಶವ್ವ.

ಗುರು ಹೊಳೆಯ ಕಡೆ ಕೈ ತೋರಿಸಿದಳು. ದೋಣಿ ಇನ್ನೂ ಆಚೆ ದಡದಲ್ಲಿತ್ತು. ಈಚೆ ದಡದಲ್ಲಿ ಜನ ಬುತ್ತಿ ಬಿಚ್ಚಿ ಕುಳಿತಿದ್ದರು.

“ದೋಣಿ ಬರೂಕಿಂತ ಮೊದಲ ಯಾಕ ಕುಂತಾರ?”

“ಬಂದ್ರ ಭಾಳ ಹೊತ್ತು ನಿಲ್ಲಂಗಿಲ್ಲಲ್ಲ, ಅವ್ವಾ.”

ನೀಲಗಂಗವ್ವ ಇಪ್ಪತ್ತೊಂದನೆಯ ಗಂಟಿನ ಹಿಂದಿನ ಮೂರು ಗಂಟಿಗೂ ಕೆಂಪು ನೂಲು ಸುತ್ತಿದಳು.

“ತತ್ತಿ ಒಂದ ದಿನ ಇರತೈತಿ. ಗಂಡಸಿನ ಬೀಜ ನಾಕೈದು ದಿನ ಕಾಯತೈತಿ. ಈ ನಾಕು ದಿನಕ್ಕ ರಜಾ ಕೇಳಾಕ ಹೇಳು, ತಂಗಿ.”

ನಾಲ್ಕು ತಿಂಗಳ ಮೇಲೆ ಸಾವಂತ್ರೆವ್ವ ಬೆಲ್ಲ ಹಿಡಿದು ಬಂದಳು. ಮುಟ್ಟು ನಿಂತು ಎರಡು ತಿಂಗಳಾಗಿತ್ತು. ದಾರವನ್ನು ನೀಲಗಂಗವ್ವನಿಗೆ ಕೊಟ್ಟು ಕಾಲಿಗೆ ಬಿದ್ದಳು.

ಕಾಶವ್ವನಿಗೆ ಅವಳಿಗಿಂತ ಹೆಚ್ಚು ಖುಷಿ.

“ಅವ್ವಾ, ಈ ದಾರ ಭಾರಿ ಗುಣದ್ದು. ಹಳೇವನ್ನ ಒಗದು, ಇನ್ನ ಎಲ್ಲಾರಿಗೂ ಇದನ್ನ ಕಟ್ಟತೀನಿ.”

ನೀಲಗಂಗವ್ವ ನಕ್ಕಳು. ಬಾಯಿಗೆ ಬೆಲ್ಲ ಹಾಕಿಕೊಂಡು ಒಂದೊಂದೇ ಗಂಟು ಬಿಚ್ಚಿದಳು. ಬರಿಯ ದಾರವನ್ನು ಶಿಷ್ಯೆಯ ಕೈಗಿಟ್ಟಳು.

“ಮೊದಲ ಬಂದಾಕೀನ ಕೇಳು, ಕಾಶವ್ವ. ಗಂಟು ಆಮ್ಯಾಲ ಹಾಕೂವಂತಿ.”